ಚಾರ್ಜ್ ನಿಲ್ತಿಲ್ಲ ಅಂತ ಫೋನನ್ನೇ ಬದಲಾಯಿಸಬೇಕಾ?

ಬಸ್ಸಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಹಾಕ್ಕೊಂಡು ಇದನ್ನ ಕೇಳ್ತಿದ್ದೀರಾ? ಹಾಗಾದ್ರೆ ಒಂದು ಸಲ ಸ್ಕ್ರೀನ್ ಮೇಲೆ ನೋಡಿ. ಬ್ಯಾಟರಿ ಎಷ್ಟಿದೆ? ಬೆಳಗ್ಗೆ ಫುಲ್ ಚಾರ್ಜ್ ಮಾಡಿ ಹೊರಟಿದ್ದು, ಮಧ್ಯಾಹ್ನಕ್ಕೇ 30ಕ್ಕೆ ಇಳಿದಿದ್ರೆ ಈ ವಾರದ ಮಾತು ನಿಮಗೇ.

ಹಬ್ಬದ ಸೇಲ್ ಬಂತು ಅಂದ್ರೆ ನಮ್ಮ ಸುತ್ತ ಎಲ್ಲರಿಗೂ ಹೊಸ ಫೋನ್ ಬೇಕು. ಯಾಕೆ ಅಂತ ಕೇಳಿದ್ರೆ ಕ್ಯಾಮೆರಾ ಚೆನ್ನಾಗಿದೆ ಅಂತಾರೆ. ಸ್ವಲ್ಪ ಕೆದಕಿದ್ರೆ ನಿಜ ಹೊರಗೆ ಬರತ್ತೆ: "ಇದರಲ್ಲಿ ಚಾರ್ಜೇ ನಿಲ್ಲಲ್ಲ." ಅಂದ್ರೆ ಸವೆದಿರೋದು ಬ್ಯಾಟರಿ, ಫೋನಲ್ಲ. ಟೈರ್ ಸವೆದಿದೆ ಅಂತ ಯಾರಾದ್ರೂ ಬೈಕ್ ಮಾರ್ತಾರಾ? ಫೋನ್ ವಿಷಯಕ್ಕೆ ಬಂದ್ರೆ ಮಾತ್ರ ನಾವು ಅದನ್ನೇ ಮಾಡ್ತೀವಿ.

ಲಿಥಿಯಂ ಅಯಾನ್ ಬ್ಯಾಟರಿ ಸವೆಯೋದೇ ಅದರ ಗುಣ. ಪೂರ್ತಿ ಖಾಲಿಯಾಗಿ ಪೂರ್ತಿ ತುಂಬಿದ್ರೆ ಒಂದು ಸೈಕಲ್ ಅಂತ ಲೆಕ್ಕ. ಇವತ್ತು ಅರ್ಧ, ನಾಳೆ ಅರ್ಧ ಆದ್ರೂ ಕೂಡಿ ಒಂದೇ. ಇಂಥ ನೂರಾರು ಸೈಕಲ್ ಆದ್ಮೇಲೆ ಬ್ಯಾಟರಿ ಮೊದಲಿನಷ್ಟು ಹಿಡಿದಿಟ್ಟುಕೊಳ್ಳಲ್ಲ. ಯುರೋಪ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಒಂದು ನಿಯಮ ಬಂದಿದೆ: ಅಲ್ಲಿ ಮಾರುಕಟ್ಟೆಗೆ ಬರೋ ಹೊಸ ಸ್ಮಾರ್ಟ್‌ಫೋನ್‌ಗಳ ಬ್ಯಾಟರಿ 800 ಸೈಕಲ್ ಆದ ಮೇಲೂ ಕನಿಷ್ಠ ಶೇ. 80ರಷ್ಟು ಸಾಮರ್ಥ್ಯ ಉಳಿಸಿಕೊಂಡಿರಬೇಕು. ದಿನಕ್ಕೊಂದು ಸೈಕಲ್ ಅಂದ್ರೂ ಎರಡು ವರ್ಷದ ಮೇಲಾಯ್ತು. ಹಾಗಾಗಿ ಮೂರನೇ ವರ್ಷ ನಿಮ್ಮ ಫೋನ್ ಸುಸ್ತಾದ್ರೆ ಗಾಬರಿ ಬೇಡ. ವಯಸ್ಸಾಗಿರೋದು ಬ್ಯಾಟರಿಗೆ.

ನಮ್ಮ ಚಿಕ್ಕಮ್ಮನ ಮಗ ಹಾಸನದಿಂದ ಬಂದು ಬೆಂಗಳೂರಲ್ಲಿ ಮೊದಲ ಕೆಲಸಕ್ಕೆ ಸೇರಿದ್ದಾನೆ. ಸಂಬಳ 22 ಸಾವಿರ. ಪಿಜಿಗೆ 8 ಸಾವಿರ, ಊರಲ್ಲಿರೋ ಅಮ್ಮನಿಗೆ 5 ಸಾವಿರ. ಅವನು 24 ಸಾವಿರದ ಫೋನ್ ನೋಡಿಟ್ಟಿದ್ದ. "ಬಡ್ಡಿನೇ ಇಲ್ಲ ಕಣಕ್ಕಾ, ತಿಂಗಳಿಗೆ ಎರಡೇ ಸಾವಿರ" ಅಂದ. ಎರಡೇ ಸಾವಿರ! ಅವನ ಊಟ, ಓಡಾಟ ಎಲ್ಲ ಕಳೆದು ಉಳಿಯೋದೇ ಅಷ್ಟು. ಒಂದು ತಿಂಗಳು ಜ್ವರ ಬಂದು ಮಲಗಿದ್ರೆ ಮೊದಲು ಕತ್ತರಿ ಬೀಳೋದು ಅಮ್ಮನಿಗೆ ಹೋಗೋ ದುಡ್ಡಿಗೆ.

ಇನ್ನು ಆ "ಬಡ್ಡಿ ಇಲ್ಲ" ಅನ್ನೋ ಮಾತು. ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲೇ ಶೂನ್ಯ ಬಡ್ಡಿ ಅನ್ನೋ ಕಲ್ಪನೆಯೇ ಇಲ್ಲ ಅಂತ ಬ್ಯಾಂಕುಗಳಿಗೆ ಸುತ್ತೋಲೆಯಲ್ಲಿ ಹೇಳಿದೆ. ಕ್ರೆಡಿಟ್ ಕಾರ್ಡ್‌ನ ನೋ ಕಾಸ್ಟ್ ಇಎಂಐನಲ್ಲಿ ಸಾಮಾನ್ಯವಾಗಿ ಆಗೋದು ಇಷ್ಟೇ: ಬ್ಯಾಂಕ್ ಬಡ್ಡಿ ಹಾಕತ್ತೆ, ಅಷ್ಟನ್ನ ಡಿಸ್ಕೌಂಟ್ ಅಂತ ಬೆಲೆಯಲ್ಲಿ ಕಡಿಮೆ ತೋರಿಸ್ತಾರೆ. ಆದ್ರೆ ಆ ಬಡ್ಡಿ ಮೇಲೆ ಶೇ. 18 ಜಿಎಸ್‌ಟಿ ನಿಮ್ಮ ಜೇಬಿಂದಲೇ. ಬಡ್ಡಿ 1,500 ರೂಪಾಯಿ ಅಂತಿಟ್ಟುಕೊಂಡ್ರೆ ತೆರಿಗೆ 270. ಪ್ರೊಸೆಸಿಂಗ್ ಫೀ ಬೇರೆ ಇದ್ರೆ ಅದೂ ಸೇರತ್ತೆ. ಮೊತ್ತ ದೊಡ್ಡದಲ್ಲ, ಒಪ್ತೀನಿ. ಆದ್ರೆ ಇಲ್ಲ ಅಂತ ಹೇಳಿ ತಗೋಳೋ ದುಡ್ಡು ಅದು. ಒತ್ತೋ ಮುಂಚೆ ಒಟ್ಟು ಎಷ್ಟು ಕಟ್ತೀನಿ ಅನ್ನೋ ಸಾಲು ಓದಿ.

ಕೊನೆಗೆ ಅವನು ಸರ್ವಿಸ್ ಸೆಂಟರ್‌ಗೆ ಹೋಗಿ 1,900 ರೂಪಾಯಿಗೆ ಬ್ಯಾಟರಿ ಹಾಕಿಸ್ಕೊಂಡ. ಈಗ ರಾತ್ರಿವರೆಗೆ ಬರ್ತಿದೆ. ಕ್ಯಾಮೆರಾ ಅದೇ ಹಳೇದು, ಅದರ ಬೇಜಾರು ಅವನಿಗೆ ಇನ್ನೂ ಇದೆ. ಇರಲಿ ಬಿಡಿ.

ಹಾಗಂತ ಹೊಸ ಫೋನೇ ತಗೋಬೇಡಿ ಅಂತ ನಾನು ಹೇಳ್ತಿಲ್ಲ. ಸೆಕ್ಯುರಿಟಿ ಅಪ್‌ಡೇಟ್ ಬರೋದು ನಿಂತಿದ್ರೆ, ಬ್ಯಾಂಕ್ ಆ್ಯಪ್ ಓಡಲ್ಲ ಅಂದ್ರೆ, ಬದಲಾಯಿಸೋದೇ ಸರಿ. ಬ್ಯಾಟರಿ ಉಬ್ಬಿ ಹಿಂಬದಿ ಎದ್ದಿದ್ರೆ ಮಾತ್ರ ಒಂದು ದಿನವೂ ಕಾಯಬೇಡಿ. ಚಾರ್ಜ್‌ಗೆ ಹಾಕಬೇಡಿ, ಒತ್ತಿ ಕೂರಿಸಬೇಡಿ, ನೇರ ರಿಪೇರಿಗೆ ಕೊಡಿ. ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರ ಡಿಸೆಂಬರ್‌ನಲ್ಲಿ ರೈಟ್ ಟು ರಿಪೇರಿ ಪೋರ್ಟಲ್ ಶುರು ಮಾಡಿದೆ. ಮೋಸ ಆಯ್ತು ಅನ್ಸಿದ್ರೆ ಗ್ರಾಹಕ ಸಹಾಯವಾಣಿ 1915 ಇದೆ.

ಇಷ್ಟೆಲ್ಲ ಬ್ಯಾಟರಿ ಪುರಾಣ ಯಾಕೆ ಅಂದ್ರೆ, ಪ್ರಯಾಣದಲ್ಲಿ ಈಗ ಎಲ್ಲವೂ ಆ ಒಂದು ಫೋನಿನೊಳಗೇ ಇದೆ. ಮೆಟ್ರೋ ಕ್ಯೂಆರ್ ಟಿಕೆಟ್, ಬಸ್ ಟಿಕೆಟ್‌ಗೆ ಯುಪಿಐ, ಡಿಜಿಲಾಕರ್‌ನಲ್ಲಿ ಗುರುತಿನ ಚೀಟಿ. ರೈಲಿನ ಪೇಪರ್‌ಲೆಸ್ ಟಿಕೆಟ್ ತಗೊಂಡು ಟಿಟಿಇ ಬರೋ ಹೊತ್ತಿಗೆ ಫೋನ್ ಸತ್ತಿದ್ರೆ, ನಿಯಮದ ಪ್ರಕಾರ ನೀವು ಟಿಕೆಟ್ ಇಲ್ಲದ ಪ್ರಯಾಣಿಕರು. ರೈಲಲ್ಲೇ ಚಾರ್ಜ್ ಮಾಡ್ಕೋತೀನಿ ಅಂತೀರಾ? ಬೆಂಕಿ ಅನಾಹುತದ ಭಯಕ್ಕೆ ರಾತ್ರಿ 11ರಿಂದ ಬೆಳಗ್ಗೆ 5ರವರೆಗೆ ಚಾರ್ಜಿಂಗ್ ಪಾಯಿಂಟ್‌ಗೆ ಕರೆಂಟ್ ಕಟ್ ಮಾಡಬೇಕು ಅಂತ ರೈಲ್ವೆ ಸೂಚನೆ ಇದೆ. ಸ್ಲೀಪರ್‌ನಲ್ಲಿ ಹೊರಟರೆ 11ರ ಒಳಗೇ ತುಂಬಿಸ್ಕೊಳ್ಳಿ.

ಮಂಗಳೂರು ಕಡೆ ಹೋಗೋರು ಗಮನಿಸಿ. ಶಿರಾಡಿ, ಚಾರ್ಮಾಡಿ ಘಾಟಿಯಲ್ಲಿ ಸಿಗ್ನಲ್ ಬರತ್ತೆ, ಹೋಗತ್ತೆ. ಆಗ ಫೋನ್ ಟವರ್ ಹುಡುಕ್ತಾ ಹುಡುಕ್ತಾನೇ ಬ್ಯಾಟರಿ ತಿಂದುಬಿಡತ್ತೆ. ಘಾಟಿ ಮುಗಿಯೋವರೆಗೆ ಏರೋಪ್ಲೇನ್ ಮೋಡ್ ಹಾಕಿ, ಹಾಡು ಮೊದಲೇ ಡೌನ್‌ಲೋಡ್ ಮಾಡ್ಕೊಂಡಿರಿ.

ಪವರ್‌ಬ್ಯಾಂಕ್ ಬಗ್ಗೆಯೂ ಹೇಳ್ತೀನಿ. ಡಬ್ಬಿ ಮೇಲೆ 10,000 ಎಂಎಎಚ್ ಅಂತ ದೊಡ್ಡದಾಗಿ ಇರತ್ತೆ. ಅದು ಒಳಗಿನ ಸೆಲ್‌ನ 3.7 ವೋಲ್ಟ್ ಲೆಕ್ಕ. ಹೊರಗೆ 5 ವೋಲ್ಟ್ ಆಗಿ ಬರೋವಾಗ ಅದೇ ಶಕ್ತಿ 7,400. ಬಿಸಿಯಾಗಿ ಹೋಗೋದು ಕಳೆದ್ರೆ ಇನ್ನೂ ಕಮ್ಮಿ. 5,000ದ ಫೋನು ಎರಡು ಸಲ ತುಂಬಲ್ಲ, ಹೆಚ್ಚು ಕಮ್ಮಿ ಒಂದೂವರೆ ಸಲ. ಹಿಂದೆ ಸಣ್ಣಕ್ಷರದಲ್ಲಿ ರೇಟೆಡ್ ಕೆಪಾಸಿಟಿ ಅಂತ ಇರತ್ತೆ, ಅದನ್ನೇ ನಂಬಿ. ಬಿಐಎಸ್ ಗುರುತು ಇಲ್ಲದ್ದು ಎಷ್ಟೇ ಅಗ್ಗವಾಗಿದ್ರೂ ಬೇಡ. ವಿಮಾನದಲ್ಲಿ ಹೋಗೋದಾದ್ರೆ ಅದು ಕೈಚೀಲದಲ್ಲೇ ಇರಬೇಕು, ಚೆಕ್‌ಇನ್ ಬ್ಯಾಗಲ್ಲಿ ಹಾಕೋ ಹಾಗಿಲ್ಲ.

ಇಷ್ಟಾದ್ರೂ ನನ್ನ ಬ್ಯಾಗಿನ ಒಳಜೇಬಲ್ಲಿ ಎರಡು ವಸ್ತು ಸದಾ ಇರತ್ತೆ. ಮಡಚಿಟ್ಟ 500ರ ಒಂದು ನೋಟು, ಮನೆಯವರ ಎರಡು ನಂಬರ್ ಬರೆದ ಚೀಟಿ. ರಾತ್ರಿ ಗೊತ್ತಿಲ್ಲದ ಊರಿನ ಬಸ್ ಸ್ಟ್ಯಾಂಡಲ್ಲಿ ಇಳಿದಾಗ ಯಾರದ್ದೋ ಫೋನ್ ಕೇಳಬಹುದು. ಆದ್ರೆ ಅಮ್ಮನ ನಂಬರ್ ನಮ್ಮಲ್ಲಿ ಎಷ್ಟು ಜನಕ್ಕೆ ಬಾಯಲ್ಲಿ ಬರತ್ತೆ ಹೇಳಿ?

ಈ ವಾರ ಒಂದು ಕೆಲಸ ಮಾಡಿ. ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಹೆಲ್ತ್ ಇದ್ರೆ ನೋಡಿ. ಅಲ್ಲಿ ಕಾಣಿಸದಿದ್ರೆ ಸರ್ವಿಸ್ ಸೆಂಟರ್‌ನಲ್ಲಿ ಕೇಳಿ. 80ಕ್ಕಿಂತ ಕೆಳಗಿದ್ರೆ, ಸೇಲ್ ಪುಟ ತೆರೆಯೋ ಮುಂಚೆ ಬ್ಯಾಟರಿ ಬೆಲೆ ವಿಚಾರಿಸಿ. ಎಷ್ಟು ಉಳೀತು ಅಂತ ನನಗೂ ತಿಳಿಸಿ. ಮುಂದಿನ ವಾರ ಸಿಗೋಣ, ನಮಸ್ಕಾರ.