ಸಂಘದ ಕಬ್ಬಿಣದ ಅಂಗಡಿ ಮತ್ತು ದಾಸ್ತಾನಿನ ಲೆಕ್ಕ

(ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಾಲ, ವಸೂಲಿ, ಠೇವಣಿ ಇವುಗಳ ಬಗ್ಗೆ ನಮಗಿಂತ ತಿಳಿದವರು ಬೆಳಿಗ್ಗೆಯಿಂದ ಮಾತಾಡಿದ್ದಾರೆ. ನಮ್ಮ ಪಾಲಿಗೆ ಬಂದದ್ದು ಕಬ್ಬಿಣದ ಅಂಗಡಿ. ಮೊಳೆ ಮಾರುವುದರ ಬಗ್ಗೆ ಭಾಷಣ ಮಾಡುವುದಕ್ಕೆ ಏನಿದೆ ಅಂತ ಮನೆಯಲ್ಲೇ ಕೇಳಿದರು. ಇದೆ. ಬರುವ ಮಹಾಸಭೆಯಲ್ಲಿ ಈ ಅಂಗಡಿಯನ್ನು ಮುಂದುವರಿಸಬೇಕೋ, ಬಾಗಿಲು ಹಾಕಬೇಕೋ ಎಂಬ ವಿಷಯ ಚರ್ಚೆಗೆ ಬರಲಿದೆ. ಅಷ್ಟರೊಳಗೆ ಅಲ್ಲಿ ನಡೆಯುವುದು ಏನು ಅಂತ ಸದಸ್ಯರಿಗೆ ಗೊತ್ತಿರಬೇಕು. ಗೊತ್ತಿಲ್ಲದೆ ಕೈ ಎತ್ತಿದರೆ ಅದು ನಿರ್ಣಯ ಆಗುವುದಿಲ್ಲ.

ನಮ್ಮ ನಾಡಿನ ಸಹಕಾರ ಚಳವಳಿ ಶುರುವಾದದ್ದು ಸಾಲದಿಂದ. 1905ರಲ್ಲಿ ಈಗಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದ್ದು ರೈತನಿಗೆ ಸಾಲ ಸಿಗಲಿ ಅಂತ. ಹಾಗಾಗಿ ನಮ್ಮ ಕಾನೂನು, ಪುಸ್ತಕ, ಆಡಿಟ್ ಎಲ್ಲ ಹಣದ ಲೆಕ್ಕಕ್ಕೆ ಚೆನ್ನಾಗಿ ಹೊಂದಿಕೊಂಡಿವೆ. ಸಾಮಾನಿನ ಲೆಕ್ಕ ಬೇರೆ. ತಿಜೋರಿಯಲ್ಲಿಟ್ಟ ನೂರು ರೂಪಾಯಿ ಮಳೆಗಾಲ ಕಳೆದ ಮೇಲೂ ನೂರೇ. ಗೋದಾಮಿನಲ್ಲಿಟ್ಟ ನೂರು ರೂಪಾಯಿಯ ಮೊಳೆ ಮಳೆಗಾಲ ಕಳೆದ ಮೇಲೆ ಎಷ್ಟು ಅಂತ ನೀವೇ ಬಲ್ಲಿರಿ.

ಮೊದಲು ಬಗೆಗಳ ವಿಷಯ ಹೇಳುತ್ತೇವೆ. "ಒಂದು ಎಲ್ಬೋ ಕೊಡಿ" ಅಂತ ಬರುತ್ತಾರೆ. ಯಾವ ಎಲ್ಬೋ? ಪಿವಿಸಿ ಪೈಪಿನಲ್ಲಿ ನಮ್ಮ ಕಡೆ ಓಡುವ ಅಳತೆಗಳೇ ಒಂಬತ್ತು. 20, 25, 32, 40, 50, 63, 75, 90, 110 ಮಿಲಿಮೀಟರ್. ಒಂದೊಂದು ಅಳತೆಗೂ ಎಲ್ಬೋ, ಬೆಂಡು, ಟೀ, ಕಪ್ಲರ್, ಎಂಡ್‌ಕ್ಯಾಪ್, ಎಂಟಿಎ, ಎಫ್‌ಟಿಎ ಅಂತ ಏಳು ಜಾತಿ. ಒಂಬತ್ತು ಏಳಲೆ ಅರವತ್ತಮೂರು. ಇದಲ್ಲದೆ ರೆಡ್ಯೂಸರ್. 63ರಿಂದ 50ಕ್ಕೆ, 63ರಿಂದ 40ಕ್ಕೆ, 50ರಿಂದ 32ಕ್ಕೆ ಹೀಗೆ ಎಲ್ಲ ಜೋಡಿ ಇಡುತ್ತ ಹೋದರೆ ಇನ್ನು 36 ಬಗೆ. ಪೈಪಿಗೆ ಬಂದರೆ 4 ಕೇಜಿ, 6 ಕೇಜಿ, 10 ಕೇಜಿ ಅಂತ ಒತ್ತಡದ ಮೇಲೆ ದಪ್ಪ ಬೇರೆ. ಮನೆಯೊಳಗಿನ ಬಿಸಿನೀರಿಗೆ ಸಿಪಿವಿಸಿ ಅಂತ ಇನ್ನೊಂದು. ಅದರ ಅಳತೆ ಬೇರೆ, ತೋಟದ ಪೈಪಿಗೆ ಅದು ಕೂರುವುದಿಲ್ಲ, ಅಂಟೂ ಬೇರೆ. ಇಷ್ಟು ಬರೀ ಪೈಪಿನ ಮಾತಾಯಿತು. ಮೊಳೆ, ಸ್ಕ್ರೂ, ನಟ್ಟುಬೋಲ್ಟು, ತಿರುಗಣಿ, ಚಿಲಕ, ವಯರು, ಹೋಲ್ಡರು ಇವನ್ನೆಲ್ಲ ಎಣಿಸಿದರೆ ಕತ್ತಲಾಗುತ್ತದೆ.

ಅಳತೆಯದ್ದೇ ಇನ್ನೊಂದು ಫಜೀತಿ. 1956ರ ಕಾನೂನಿನಿಂದ ಮೆಟ್ರಿಕ್ ಪದ್ಧತಿ ಬಂತು. ಈಗಲೂ ನಮ್ಮವರ ಬಾಯಲ್ಲಿ ಇಂಚೇ. ಎರಡಿಂಚು ಅಂದರೆ 63 ಅಂತ, ಮೂರಿಂಚು ಅಂದರೆ 90 ಅಂತ ಕೌಂಟರಿನ ಹುಡುಗ ಬಾಯಿಪಾಠ ಮಾಡಬೇಕು. ಬೋಲ್ಟಿನಲ್ಲಿ ಮೂರೆಂಟಾಂಶ ಇಂಚಿನದೂ ಬೇಕು, 10 ಮಿಲಿಮೀಟರಿನದೂ ಬೇಕು. ನೋಡಲು ಒಂದೇ ಥರ, ಒಂದರ ನಟ್ಟು ಇನ್ನೊಂದಕ್ಕೆ ಸರಿಯಾಗಿ ಕೂರದು. ಹಳೇ ಪಂಪಿನವರಿಗೆ ಅದು, ಹೊಸ ಯಂತ್ರದವರಿಗೆ ಇದು. ತಂತಿಯಲ್ಲಂತೂ ಗೇಜಿನ ನಂಬರು ಏರಿದ ಹಾಗೆ ತಂತಿ ಸಣ್ಣ ಆಗುತ್ತದೆ. ಇದನ್ನು ಹೊಸಬರಿಗೆ ಒಪ್ಪಿಸುವುದೇ ಕಷ್ಟ.

ಇಷ್ಟು ಬಗೆಯಲ್ಲಿ ಯಾವುದನ್ನು ಎಷ್ಟು ಇಡಬೇಕು? ಎಲ್ಲ ಇಟ್ಟರೆ ಬಂಡವಾಳ ಸಾಲದು. ಇಡದಿದ್ದರೆ "ಸಂಘದಲ್ಲಿ ಏನು ಕೇಳಿದರೂ ಇಲ್ಲ ಮಾರಾಯ್ರೆ" ಅನ್ನುವ ಮಾತು. ಈ ಮಾತು ಒಮ್ಮೆ ಹಬ್ಬಿತೆಂದರೆ ಇದ್ದದ್ದನ್ನು ಕೇಳಲಿಕ್ಕೂ ಜನ ಬರುವುದಿಲ್ಲ.

ಹಣದ ಲೆಕ್ಕ ನೋಡಿ. ಸಾವಿರ ರೂಪಾಯಿಯ ಮೊಳೆ ತಂದರೆ ಒಂದು ಸಲಕ್ಕೆ 80 ರೂಪಾಯಿ ಉಳಿಯುತ್ತದೆ ಅಂತ ಇಟ್ಟುಕೊಳ್ಳೋಣ. ವರ್ಷಕ್ಕೆ ಎಂಟು ಸಲ ಖಾಲಿಯಾಗಿ ಎಂಟು ಸಲ ತಂದರೆ 640 ರೂಪಾಯಿ. ಅದೇ ಸಾವಿರಕ್ಕೆ ಚಂದದ ಹಿತ್ತಾಳೆ ಹಿಡಿ, ಬೀಗ ತಂದೆವು, ಲಾಭ 300 ರೂಪಾಯಿ. ಕೇಳಲು ಸೊಗಸು. ಆದರೆ ಅದು ಹೋಗುವುದು ಎರಡು ವರ್ಷಕ್ಕೆ ಒಮ್ಮೆ, ಯಾರಾದರೂ ಹೊಸ ಮನೆ ಕಟ್ಟಿದಾಗ. ವರ್ಷಕ್ಕೆ 150 ಆಯಿತು. ಬ್ಯಾಂಕಿಗೆ ಶೇಕಡಾ 12ರ ಬಡ್ಡಿ ಅಂದರೆ 120 ಹೋಯಿತು. ಉಳಿದದ್ದು 30. ಮೊಳೆಯಲ್ಲಿ ಅದೇ ಬಡ್ಡಿ ಕಳೆದರೂ 520 ಉಳಿಯುತ್ತದೆ. ಲಾಭ ಎಷ್ಟು ಅನ್ನುವುದಕ್ಕಿಂತ ಎಷ್ಟು ಸಲ ತಿರುಗಿತು ಅನ್ನುವುದನ್ನು ನೋಡಬೇಕು. ಕಪಾಟು ತುಂಬಿದ್ದು ಕಂಡು ಅಂಗಡಿ ಚೆನ್ನಾಗಿದೆ ಅಂತ ಹೇಳುವವರು ಇದನ್ನು ಗಮನಿಸಬೇಕು.

ಇನ್ನು ನಮ್ಮ ಮಲೆನಾಡಿನ ಥಂಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಗೋದಾಮಿನ ಗೋಡೆ ಬೆವರುತ್ತದೆ. ಸಿಮೆಂಟು ಹಲಗೆ ಮೇಲೆ, ಗೋಡೆಯಿಂದ ದೂರ ಇಡಬೇಕು. ಮೂರು ತಿಂಗಳು ದಾಟಿದ ಮೂಟೆಯನ್ನು ಪರೀಕ್ಷೆ ಇಲ್ಲದೆ ನಂಬುವ ಹಾಗಿಲ್ಲ. ವೆಲ್ಡಿಂಗ್ ಕಡ್ಡಿ ತೇವ ಎಳೆದುಕೊಳ್ಳುತ್ತದೆ. ಪೈಪಿನ ಅಂಟಿನ ಡಬ್ಬಿ ಗಟ್ಟಿಯಾಗುತ್ತದೆ. ಎಲ್ಲಕ್ಕಿಂತ ಮುಖ್ಯ ಮೈಲುತುತ್ತು. ಬೋರ್ಡೋ ದ್ರಾವಣ ತಯಾರಿಸುವವರಿಗೆ ಗೊತ್ತು, ಸುಣ್ಣ ಸಾಕಾಯಿತೋ ಇಲ್ಲವೋ ಅಂತ ಉಜ್ಜಿದ ಕತ್ತಿ ಅದ್ದಿ ನೋಡುತ್ತೇವೆ. ಕತ್ತಿ ಕೆಂಪಾದರೆ ಇನ್ನೂ ಸುಣ್ಣ ಬೇಕು. ಆ ತುತ್ತಿಗೆ ಕಬ್ಬಿಣ ಅಂದರೆ ಅಷ್ಟು ಪ್ರೀತಿ. ಅದರ ಚೀಲ ಒಡೆದು ತೇವಕ್ಕೆ ನೀರಾಗಿ ಮೊಳೆಯ ಪೆಟ್ಟಿಗೆ ಕಡೆ ಹರಿದರೆ ಪೆಟ್ಟಿಗೆ ಹೋಯಿತು ಅಂತಲೇ ಲೆಕ್ಕ. ಎರಡಕ್ಕೂ ಬೇರೆ ಬೇರೆ ಕೋಣೆ ಬೇಕು. ನಮ್ಮ ಸಂಘಕ್ಕೆ ಇರುವುದು ಒಂದೂವರೆ ಕೋಣೆ.

ಮೈಲುತುತ್ತಿನ ಮಾತು ಬಂದಾಗ ಕಾಲದ ಮಾತೂ ಬರುತ್ತದೆ. ನೂರು ಲೀಟರ್ ನೀರಿಗೆ ಒಂದು ಕೇಜಿ ತುತ್ತು, ಒಂದು ಕೇಜಿ ಸುಣ್ಣ. ಕೊಳೆರೋಗಕ್ಕೆ ಮೊದಲ ಔಷಧಿ ಮಳೆ ಹಿಡಿಯುವ ಮುಂಚೆ, ಎರಡನೆಯದು ನಲವತ್ತು ನಲವತ್ತೈದು ದಿನಕ್ಕೆ. ಇಡೀ ಊರಿಗೆ ಒಂದೇ ವಾರದಲ್ಲಿ ತುತ್ತು ಬೇಕು, ರಾಳ ಬೇಕು, ಗಟಾರಿನ ವಾಷರು ಬೇಕು, ಹೋಸ್ ಪೈಪು ಬೇಕು. ಮಳೆ ಬೇಗ ಬಂದರೆ ಎಲ್ಲರೂ ಒಟ್ಟಿಗೆ ಬರುತ್ತಾರೆ. ತಡವಾದರೆ ನಾವು ಹಣ ಕಟ್ಟಿ ತಂದ ಸಾಮಾನು ಕೂತಿರುತ್ತದೆ. ಮಳೆ ನಡುವೆ ಬಿಡುವು ಕೊಡದೆ ಎರಡನೇ ಔಷಧಿ ತಪ್ಪಿಹೋದರೆ ಅಷ್ಟು ಚೀಲ ಮುಂದಿನ ವರ್ಷಕ್ಕೆ. ದಾಸ್ತಾನು ಮಾಡುವವನು ಪಂಚಾಂಗ ನೋಡಬೇಕು, ಆಕಾಶ ನೋಡಬೇಕು, ಜೊತೆಗೆ ಕೊನೆಗೌಡನಿಗೆ ಯಾವಾಗ ಬಿಡುವು ಅಂತಲೂ ವಿಚಾರಿಸಬೇಕು. ಈ ಒಂದು ವಾರದಲ್ಲಿ ಸಾಮಾನು ಇಲ್ಲ ಅಂದರೆ ಅಂಗಡಿಯ ನಷ್ಟ ಸಣ್ಣದು, ತೋಟದ ನಷ್ಟ ದೊಡ್ಡದು. ವಾಷರಿನ ಬೆಲೆ ಹತ್ತು ರೂಪಾಯಿ. ಅದಿಲ್ಲದೆ ಆಳುಗಳು ಕೂತರೆ, ಆ ಹೊತ್ತಿಗೆ ಮಳೆ ಹಿಡಿದರೆ, ಕೊಳೆಯಲ್ಲಿ ಉದುರುವ ಅಡಿಕೆಯ ಲೆಕ್ಕ ನಾವು ಹೇಳಬೇಕಾಗಿಲ್ಲ.

ಸಾಮಾನಿಗೂ ಆಯುಸ್ಸು ಅಂತ ಇದೆ. ಮೊದಲು ಕೆರೆ, ಬಾವಿಯಿಂದ ನೀರೆತ್ತುವ ಕಾಲದಲ್ಲಿ ಫುಟ್‌ವಾಲ್ವು, ಗ್ಲ್ಯಾಂಡ್ ಡೋರಿ ದಿನಾ ಹೋಗುತ್ತಿತ್ತು. ಬೋರ್‌ವೆಲ್ಲು, ಸಬ್‌ಮರ್ಸಿಬಲ್ ಬಂದ ಮೇಲೆ ಕೇಳುವವರು ಕಡಿಮೆ. ಬಲ್ಬಿನ ಕಥೆ ಎಲ್ಲ ಅಂಗಡಿಯವರಿಗೂ ಗೊತ್ತು. ಗುಂಡು ಬಲ್ಬು ಹೋಗಿ ಸಿಎಫ್ಎಲ್ ಬಂತು. 2015ರಲ್ಲಿ ಕೇಂದ್ರ ಸರಕಾರ ಉಜಾಲಾ ಯೋಜನೆಯಲ್ಲಿ ಎಲ್‌ಇಡಿ ಬಲ್ಬು ಕಡಿಮೆ ದರಕ್ಕೆ ಕೊಡಲು ಶುರುಮಾಡಿತು, ಪೇಟೆಯ ದರವೂ ಇಳಿಯಿತು. ಸಿಎಫ್ಎಲ್ ಇಟ್ಟುಕೊಂಡವರ ಡಬ್ಬಿ ಡಬ್ಬಿಯಲ್ಲೇ ಉಳಿಯಿತು. ಜನಕ್ಕೆ ಒಳ್ಳೆಯದಾಯಿತು, ಅದರಲ್ಲಿ ಎರಡು ಮಾತಿಲ್ಲ. ಈಗ ಕಾರ್ಬನ್ ಫೈಬರ್ ದೋಟಿ ಬಂದಿದೆ. ನಾಳೆ ಇನ್ನೇನೋ.

ಬೆಲೆಯ ಏರಿಳಿತವೂ ಹೀಗೇ. 2020ರ ಲಾಕ್‌ಡೌನ್ ನಂತರ ಪಿವಿಸಿ ಪೈಪಿನ ಬೆಲೆ ಹತ್ತಿದ್ದು ತಮಗೆ ನೆನಪಿರಬಹುದು. 2021ರಲ್ಲಿ ದರಪಟ್ಟಿ ಕೈಗೆ ಬರುವಷ್ಟರಲ್ಲಿ ಹಳತಾಗುತ್ತಿತ್ತು. ಇನ್ನೂ ಏರುತ್ತದೆ ಅಂತ ತುಂಬಿಟ್ಟವರಿಗೆ 2022ರಲ್ಲಿ ಬೆಲೆ ಇಳಿದಾಗ ಪೆಟ್ಟಾಯಿತು. ದೊಡ್ಡ ವ್ಯಾಪಾರಿ ಒಂದರಲ್ಲಿ ಕಳೆದು ಇನ್ನೊಂದರಲ್ಲಿ ತೆಗೆಯುತ್ತಾನೆ, ಸಣ್ಣ ಅಂಗಡಿಗೆ ಆ ಅವಕಾಶ ಇಲ್ಲ. 2025ರ ಸೆಪ್ಟೆಂಬರ್ 22ರಂದು ಸಿಮೆಂಟಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿಯಿತು. ಇಳಿದ ದರದಲ್ಲೇ ಮಾರಬೇಕು, ಅದು ನ್ಯಾಯ. ಆದರೆ ಹಳೇ ಮೂಟೆಗೆ 28 ಕಟ್ಟಿ ತಂದದ್ದು. ಆ ಹೆಚ್ಚಿನ ತೆರಿಗೆ ಮುಳುಗುವುದಿಲ್ಲ, ಪುಸ್ತಕದಲ್ಲಿ ಜಮೆಯಾಗಿ ಮುಂದಿನ ಮಾರಾಟದ ತೆರಿಗೆಗೆ ವಜಾ ಆಗುತ್ತದೆ. ಅಲ್ಲಿತನಕ ಆ ದುಡ್ಡು ಕೈಗಿಲ್ಲ, ಅಷ್ಟೆ.

ಇವು ಎಲ್ಲ ಸಣ್ಣ ಅಂಗಡಿಗೂ ಇರುವ ಕಷ್ಟ. ಸಂಘದ ಅಂಗಡಿಗೆ ಮೇಲೊಂದಿಷ್ಟು. ಖಾಸಗಿ ಅಂಗಡಿಯವನು ಹೋಗದ ಸಾಮಾನನ್ನು ಒಂದು ಸಂಜೆ ಅರ್ಧ ಬೆಲೆಗೆ ಕೊಟ್ಟು ಕೈ ತೊಳೆದುಕೊಳ್ಳುತ್ತಾನೆ. ಸಂಘದ ಗುಮಾಸ್ತರು ಹಾಗೆ ಮಾಡಿದರೆ "ಯಾರ ಅಪ್ಪಣೆ ಮೇಲೆ, ಯಾರಿಗೆ ಕೊಟ್ಟಿರಿ" ಅಂತ ಪ್ರಶ್ನೆ. ಪ್ರಶ್ನೆ ಸರಿಯಾದದ್ದೇ, ಸಾರ್ವಜನಿಕರ ದುಡ್ಡು. ಆದರೆ ಆ ಹೆದರಿಕೆಗೆ ಯಾರೂ ಕೈ ಹಾಕದೆ ತುಕ್ಕು ಹಿಡಿದದ್ದೂ ಮಾರ್ಚ್ 31ರ ಪಟ್ಟಿಯಲ್ಲಿ ಕೊಂಡ ಬೆಲೆಗೇ ಬರೆಯಲ್ಪಡುತ್ತದೆ. ಕಾಗದದಲ್ಲಿ ದಾಸ್ತಾನು ಚೆನ್ನಾಗಿ ಕಾಣುತ್ತದೆ, ಗೋದಾಮಿಗೆ ಹೋಗಿ ನೋಡಿದರೆ ಬೇರೆ.

ಎರಡನೆಯದು ಕಡ. "ಅಡಿಕೆ ಆದ ಮೇಲೆ ಕೊಡ್ತೇವೆ" ಅಂತ ಜೂನ್‌ನಲ್ಲಿ ಒಯ್ದದ್ದಕ್ಕೆ ಹಣ ಬರುವುದು ಜನವರಿಗೆ. ಸಾಮಾನು ಕೊಟ್ಟ ಪೇಟೆಯವರಿಗೆ ನಾವು ಮೂವತ್ತು ದಿನಕ್ಕೆ ಕಟ್ಟಬೇಕು. ಕಪಾಟೂ ಖಾಲಿ, ಪೆಟ್ಟಿಗೆಯೂ ಖಾಲಿ.

ಮೂರನೆಯದನ್ನು ಹೇಳಿದರೆ ಕೆಲವರಿಗೆ ಬೇಸರ ಆಗಬಹುದು, ಆದರೂ ಹೇಳಬೇಕು. ಪೈಪಿನ ಲೋಡು ಪೇಟೆಯಲ್ಲಿ, ಎಲ್ಬೋ ಸಂಘದಲ್ಲಿ. ನೂರು ಪೈಪು ಬೇಕಾದಾಗ ಪೇಟೆಯಲ್ಲಿ ಒಂದಕ್ಕೆ ಐದು ರೂಪಾಯಿ ಕಡಿಮೆ ಅಂತ ಗಾಡಿ ಮಾಡಿಕೊಂಡು ಹೋಗುತ್ತೇವೆ. ಜೋಡಿಸುವಾಗ ಸಂಜೆ ಆರು ಗಂಟೆಗೆ ಒಂದು ಟೀ ಕಡಿಮೆ ಬಿದ್ದರೆ ಸಂಘಕ್ಕೆ ಓಡುತ್ತೇವೆ. ಅದು ಇಲ್ಲದಿದ್ದರೆ ಬಯ್ಯುತ್ತೇವೆ. ನೂರಾರು ಬಗೆ ಸಣ್ಣ ಸಾಮಾನು ಇಡುವ ಖರ್ಚನ್ನು ಹೊರುವುದು ದೊಡ್ಡ ಸಾಮಾನಿನ ವ್ಯಾಪಾರ. ಅದು ಊರ ಹೊರಗೆ ಹೋದರೆ ಇದು ನಿಲ್ಲುವುದಿಲ್ಲ. ಪೇಟೆಗೆ ಹೋಗಬೇಡಿ ಅಂತ ನಾವು ಹೇಳುವುದಿಲ್ಲ, ದುಡ್ಡು ನಿಮ್ಮದು. ಹೋಗುವ ಮುಂಚೆ ಸಂಘದ ದರ ಒಮ್ಮೆ ಕೇಳಿ, ಗಾಡಿ ಬಾಡಿಗೆ ಸೇರಿಸಿ ಲೆಕ್ಕ ಹಾಕಿ ಅಂತ ಮಾತ್ರ ಕೇಳುತ್ತೇವೆ.

ಅಂಗಡಿ ಮುಚ್ಚಿದರೆ ಯಾರಿಗೆ ತೊಂದರೆ? ಬೈಕು, ಜೀಪು ಇದ್ದವರಿಗೆ ಅಷ್ಟಾಗಿ ಇಲ್ಲ. ಅರ್ಧ ಕೇಜಿ ಮೊಳೆಗೆ, ಒಂದು ಗುದ್ದಲಿ ಕಾವಿಗೆ ಒಂದು ದಿನದ ಕೂಲಿ ಬಿಟ್ಟು ಬಸ್ಸು ಹತ್ತಬೇಕಾದವರಿಗೆ ತೊಂದರೆ. ಮುಚ್ಚಬೇಕೆನ್ನುವ ಸದಸ್ಯರ ಮಾತಿನಲ್ಲೂ ಹುರುಳಿದೆ, ನಷ್ಟ ಆದರೆ ಡಿವಿಡೆಂಡು ಕಡಿಮೆಯಾಗುವುದು ಎಲ್ಲರಿಗೂ. ನಮ್ಮ ಅಭಿಪ್ರಾಯ, ಮುಚ್ಚುವ ಮೊದಲು ಒಂದು ವರ್ಷ ಬೇರೆ ಥರ ನಡೆಸಿ ನೋಡಬೇಕು.

ಆಡಳಿತ ಮಂಡಳಿಯಲ್ಲಿ ಮಾತಾಡಿಕೊಂಡದ್ದು ಇಷ್ಟು. ಮೈಲುತುತ್ತು, ಪೈಪು, ಟಾರ್ಪಾಲು ಇವಕ್ಕೆ ಏಪ್ರಿಲ್ ಕೊನೆಯೊಳಗೆ ಸದಸ್ಯರು ಬೇಡಿಕೆ ಬರೆಸಿ, ನಾಲ್ಕನೇ ಒಂದು ಪಾಲು ಮುಂಗಡ ಕಟ್ಟಬೇಕು. ಅಷ್ಟೂ ಬೇಡಿಕೆ ಒಟ್ಟು ಸೇರಿದರೆ ಲೋಡಿನ ದರದಲ್ಲಿ ತರಬಹುದು. ಆಗ ಪೇಟೆಯ ಐದು ರೂಪಾಯಿ ವ್ಯತ್ಯಾಸ ಉಳಿಯದು. ಎರಡು ವರ್ಷ ಅಲುಗದ ಸಾಮಾನಿನ ಪಟ್ಟಿಯನ್ನು ಪ್ರತಿ ವರ್ಷ ನೋಟೀಸು ಬೋರ್ಡಿಗೆ ಹಾಕಿ, ನಿರ್ಣಯ ಮಾಡಿ, ಎಲ್ಲರೆದುರು ಹರಾಜು ಹಾಕುವುದು. ಹೊಸ ಬಗೆಯದನ್ನು ಮೊದಲು ಸ್ವಲ್ಪವೇ ತರುವುದು. ಅಪರೂಪಕ್ಕೆ ಬೇಕಾಗುವ ದೊಡ್ಡ ವಾಲ್ವಿನಂಥದ್ದನ್ನು ಪಕ್ಕದ ಊರುಗಳ ಸಂಘಗಳ ಜೊತೆ ಹಂಚಿಕೊಂಡು ಇಡಲು ಆಗುತ್ತದೋ ಅಂತ ಕೇಳುವುದು. ಇದು ಕೊನೆಯದು ಕೈಗೂಡುತ್ತದೆ ಅಂತ ನಮಗೇನೂ ಪೂರ್ತಿ ನಂಬಿಕೆ ಇಲ್ಲ, ಕೇಳಿ ನೋಡುವುದರಲ್ಲಿ ನಷ್ಟವಿಲ್ಲ.

ಇನ್ನೊಂದು, ಖರ್ಚಿಲ್ಲದ ಕೆಲಸ. ಕೌಂಟರಿನ ಮೇಲೆ "ಕೇಳಿದ್ದು, ಇಲ್ಲದ್ದು" ಅಂತ ಒಂದು ಪುಸ್ತಕ ಇಡುತ್ತೇವೆ. ಮಾರಿದ್ದಕ್ಕೆ ಬಿಲ್ಲಿದೆ, ಇಲ್ಲ ಅಂತ ಕಳಿಸಿದ್ದಕ್ಕೆ ಲೆಕ್ಕವೇ ಇರುವುದಿಲ್ಲ. ಯಾವ ಸಾಮಾನಿಗೆ ಎಷ್ಟು ಜನ ಬರಿಗೈಲಿ ಹೋದರು ಅಂತ ತಿಳಿಯುವುದು ಇದರಿಂದಲೇ. ತಾವು ಕೇಳಿದ್ದು ಇಲ್ಲ ಅಂದರೆ ಹಾಗೇ ತಿರುಗಿ ಹೋಗಬೇಡಿ, ಸಾಮಾನಿನ ಹೆಸರು, ಅಳತೆ, ತಾರೀಕು ಬರೆದು ಹೋಗಿ. ಬರೆಯಲು ಬಾರದವರು ಹೇಳಿದರೆ ಗುಮಾಸ್ತರು ಬರೆದುಕೊಳ್ಳುತ್ತಾರೆ. ಪ್ರತಿ ಸೋಮವಾರ ಖರೀದಿಗೆ ಹೋಗುವ ಮುಂಚೆ ಇಬ್ಬರು ನಿರ್ದೇಶಕರು ಅದನ್ನು ನೋಡಿ ರುಜು ಹಾಕುತ್ತಾರೆ. ಪುಸ್ತಕ ನಾಳೆಯಿಂದಲೇ ಇರುತ್ತದೆ. ಪೆನ್ನಿಗೆ ದಾರ ಕಟ್ಟಿದ್ದೇವೆ.