ಬಾಯಿಮಾತಿನ ಸಾಕ್ಷಿ, ಕಾಗದದ ಮೇಲಿನ ಹೆಸರು

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯಿಂದ ಕೇಳ್ತಿರೋ ಗೆಳೆಯ ಗೆಳತಿಯರೇ, ಇವತ್ತಿನ ಮಾತು ಪ್ರಾಮಾಣಿಕತೆ ಬಗ್ಗೆ.

ಶಹಾಬಾದಿ ಪರ್ಸಿ ಹಾಸಿದ ಮೇಲೆ ಗೌಂಡಿ ಅದನ್ನ ತಟ್ಟಿ ನೋಡ್ತಾನೆ. ಕೆಳಗೆ ಪೊಳ್ಳಿದ್ರೆ ಸದ್ದೇ ಹೇಳಿಬಿಡ್ತದೆ. ಕಲ್ಲು ಎಷ್ಟೇ ಚಂದ ಇರಲಿ, ಭಾರ ಬಿದ್ದ ದಿನ ಅಲ್ಲೇ ಬಿರುಕು. ನಂಬಿಕೆನೂ ಹಂಗೇ.

ಪೇತ್ರನ ಕಥೆ ತಗೊಳ್ರಿ. ಎಲ್ಲರೂ ಬಿಟ್ಟು ಹೋದರೂ ತಾನು ಹೋಗಲ್ಲ ಅಂತ ಯೇಸುವಿನ ಮುಂದೆ ದೊಡ್ಡ ಮಾತಾಡಿದವನು. ಅದೇ ರಾತ್ರಿ ಮಹಾಯಾಜಕನ ಅಂಗಳದಲ್ಲಿ ಒಬ್ಬ ದಾಸಿ ಕೇಳಿದ್ದಕ್ಕೇ ಹೆದರಿ, ಆತ ಯಾರೋ ಗೊತ್ತಿಲ್ಲ ಅಂದುಬಿಟ್ಟ. ಒಂದಲ್ಲ, ಮೂರು ಸಲ. ಇದನ್ನ ನಾಲ್ಕೂ ಸುವಾರ್ತೆಗಳು ಬರೆದಿಟ್ಟಿವೆ. ಪೇತ್ರ ಸಭೆಯ ದೊಡ್ಡ ನಾಯಕ; ಮುಚ್ಚಿಡಬಹುದಿತ್ತು, ಮುಚ್ಚಿಡಲಿಲ್ಲ.

ಆಮೇಲೆ ಸರೋವರದ ದಂಡೆ ಮೇಲೆ ಯೇಸು ಅವನನ್ನ ಬೈಯಲಿಲ್ಲ. ನನ್ನ ಮೇಲೆ ಪ್ರೀತಿ ಇದೆಯಾ ಅಂತ ಮೂರು ಸಲ ಕೇಳಿದ. ಈ ಸಲ ಪೇತ್ರ ಬೇರೆಯವರಿಗಿಂತ ತಾನು ಹೆಚ್ಚು ಅನ್ನಲಿಲ್ಲ. ನಿನಗೇ ಗೊತ್ತಲ್ಲ ಸ್ವಾಮಿ ಅನ್ನೋ ಅರ್ಥದಲ್ಲಿ ಇದ್ದಷ್ಟೇ ಹೇಳಿದ. ನನ್ನ ಪ್ರಕಾರ ಆತ್ಮಿಕ ಬೆಳವಣಿಗೆ ಅಂದ್ರೆ ಇದೇ: ದೊಡ್ಡ ಮಾತಿನಿಂದ ನಿಜವಾದ ಮಾತಿಗೆ ಬರೋದು. ಕೂಟದಲ್ಲಿ ಸಾಕ್ಷಿ ಹೇಳೋವಾಗ ಹತ್ತನ್ನ ನೂರು ಮಾಡಬೇಕಿಲ್ಲ. ಪ್ರಾರ್ಥನೆ ಮಾಡಿದೆ, ಇನ್ನೂ ಉತ್ತರ ಸಿಕ್ಕಿಲ್ಲ ಅನ್ನೋದೂ ಸಾಕ್ಷಿನೇ.

ಈಗ ಕಷ್ಟದ ವಿಷಯ. ಭಾನುವಾರ ಚರ್ಚ್‌ನಲ್ಲಿ ಒಂದು ಹೆಸರು, ಶಾಲೆ ದಾಖಲೆಯಲ್ಲಿ ಇನ್ನೊಂದು ಧರ್ಮ. ದಲಿತ ಹಿನ್ನೆಲೆಯ ಎಷ್ಟೋ ಕುಟುಂಬಗಳಿಗೆ ಇದು ಗೊತ್ತು. ಕಾರಣ 1950ರ ರಾಷ್ಟ್ರಪತಿ ಆದೇಶ. ಅದರಂತೆ ಪರಿಶಿಷ್ಟ ಜಾತಿ ಸ್ಥಾನ ಮೊದಲು ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ವಿಸ್ತರಿಸಿದರು. ಕ್ರೈಸ್ತರು ಹೊರಗೇ ಉಳಿದರು. ಧರ್ಮ ಬದಲಾದರೂ ಊರಿನಲ್ಲಿ ಕೇರಿ ಬದಲಾಗಲಿಲ್ಲ. ನಿಜ ಬರೆಸಿದ್ರೆ ಮಗಳ ಸೀಟು ಹೋಗ್ತದೆ, ಬರೆಸದಿದ್ರೆ ಮನಸ್ಸು ಚುಚ್ತದೆ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ, ಕ್ರೈಸ್ತ ನಂಬಿಕೆ ಪಾಲಿಸ್ತಾ ಮೀಸಲಾತಿಗಾಗಿ ಮಾತ್ರ ಹಿಂದೂ ಅನ್ನೋದನ್ನ ಒಪ್ಪಲಿಲ್ಲ.

ಕಳ್ಕೊಳ್ಳೋದು ಏನೂ ಇಲ್ಲದವರು ಇಂಥ ಕುಟುಂಬಕ್ಕೆ ಸುಳ್ಳುಗಾರರು ಅಂತ ಹಣೆಪಟ್ಟಿ ಹಚ್ಚೋದು ಸುಲಭ. ಅದು ಪ್ರಾಮಾಣಿಕತೆ ಅಲ್ರಿ, ಅದು ಅಂಗಳದ ಬೆಂಕಿ ಹತ್ರ ನಿಂತು ಬೆರಳು ತೋರಿಸೋದು. ಹಾಗಂತ ಬಾಯಿ ಮುಚ್ಚಿಕೊಂಡೇ ಇದ್ರೂ ಗಾಯ ಮಾಯೋದಿಲ್ಲ. ಮೂರು ಕೆಲಸ ಮಾಡಬಹುದು. ಪ್ರಾರ್ಥನೆಯಲ್ಲಿ ದೇವರ ಮುಂದೆ ಭಯವನ್ನ ಭಯ ಅಂತಲೇ ಹೇಳ್ರಿ. ನಂಬಿಕಸ್ಥ ಹಿರಿಯರೊಬ್ಬರ ಹತ್ರ ಮನಸ್ಸು ಬಿಚ್ರಿ. ಮೂರನೇದು, ಅನ್ಯಾಯವನ್ನ ಬಹಿರಂಗವಾಗಿ ಪ್ರಶ್ನಿಸ್ರಿ. ಈ ವಿಷಯ ಪರಿಶೀಲಿಸೋಕೆ ಕೇಂದ್ರ ಸರ್ಕಾರ 2022ರಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗ ರಚಿಸಿದೆ. ಹಕ್ಕು ಕೇಳೋದು ನಂಬಿಕೆಗೆ ವಿರೋಧ ಅಲ್ಲ.

ಸಭೆಗಳಿಗೂ ಒಂದು ಮಾತು. ನಿಜ ಹೇಳಿ ಸೀಟು ಕಳ್ಕೊಂಡ ಹುಡುಗಿಯ ಫೀಸಿಗೆ ಯಾರು ನಿಲ್ತಾರೆ? ಅದಕ್ಕೆ ಉತ್ತರ ಇಲ್ಲದೆ ನಿಜ ಹೇಳು ಅಂತ ಪ್ರಸಂಗ ಮಾಡಿದ್ರೆ, ಭಾರವನ್ನೆಲ್ಲ ಆಕೆಯ ತಲೆ ಮೇಲೆ ಹೊರಿಸಿದಂಗೆ. ಪೇತ್ರನಿಗೆ ಯೇಸು ಪ್ರಶ್ನೆ ಕೇಳೋ ಮುಂಚೆ ರೊಟ್ಟಿ, ಮೀನು ಬಡಿಸಿದ್ದ. ಆ ಕ್ರಮ ನೆನಪಿರಲಿ.