ಠಾಣೆಗೂ ಒಂದು ಪಾಲಿಸಿ



ಪೊಲೀಸರು ತಪ್ಪು ಮಾಡಿದಾಗ ದುಡ್ಡು ತೆರುವವರು ಯಾರು? ನಮ್ಮ ಕಾನೂನು ಪಠ್ಯಪುಸ್ತಕಗಳು ತೀರ್ಪಿನವರೆಗೆ ಕರೆದೊಯ್ದು ಅಲ್ಲೇ ಬಿಟ್ಟುಬಿಡುತ್ತವೆ. ತೀರ್ಪಿನ ನಂತರ ಚೆಕ್ಕಿಗೆ ಸಹಿ ಹಾಕುವವರು ಯಾರೆಂದು ಅಮೆರಿಕದಲ್ಲಿ ವಿಚಾರಿಸುತ್ತ ಹೋದರೆ, ಅನೇಕ ಸಣ್ಣ ಊರುಗಳಲ್ಲಿ ವಿಮಾ ಕಂಪನಿಯ ಬಾಗಿಲಿಗೆ ಬಂದು ನಿಲ್ಲುತ್ತೇವೆ. ಪೊಲೀಸ್ ಹೊಣೆಗಾರಿಕೆ ವಿಮೆ ಎಂಬುದು ಅಲ್ಲಿ ದೊಡ್ಡ ವ್ಯವಹಾರ. ಇವತ್ತು ಮೂಲ ಪಾಲಿಸಿಯ ಬಗ್ಗೆ ಕಡಿಮೆ, ಹೆಚ್ಚಿನ ಕಂತು ಕಟ್ಟಿ ಸೇರಿಸಿಕೊಳ್ಳುವ ಐಚ್ಛಿಕ ರಕ್ಷಣೆಗಳ ಬಗ್ಗೆ ಹೆಚ್ಚು ಮಾತಾಡುತ್ತೇನೆ.

ಮೊದಲು ಸ್ವಲ್ಪ ಹಿನ್ನೆಲೆ. ಕು ಕ್ಲಕ್ಸ್ ಕ್ಲಾನ್ ಎಂಬ ಬಿಳಿಯ ಜನಾಂಗವಾದಿ ಗುಂಪಿನ ಹಾವಳಿ ತಡೆಯಲು 1871ರಲ್ಲಿ ಅಮೆರಿಕದ ಕಾಂಗ್ರೆಸ್ ಒಂದು ಕಾಯ್ದೆ ತಂದಿತು. ಸರ್ಕಾರಿ ಅಧಿಕಾರ ಬಳಸಿ ಹಕ್ಕು ಕಸಿದವರ ಮೇಲೆ ನಾಗರಿಕರು ದಾವೆ ಹೂಡಬಹುದು ಎಂಬುದು ಅದರ ಸಾರ. ಅದಕ್ಕೆ ನಿಜವಾದ ಜೀವ ಬಂದದ್ದು 1961ರಲ್ಲಿ, ಶಿಕಾಗೊ ಪೊಲೀಸರು ವಾರಂಟಿಲ್ಲದೆ ಮನೆಯೊಂದಕ್ಕೆ ನುಗ್ಗಿದ ಮನ್ರೋ ಪ್ರಕರಣದಲ್ಲಿ. ಅಲ್ಲಿನ ಸುಪ್ರೀಂ ಕೋರ್ಟಿನ 1978ರ ಮೊನೆಲ್ ತೀರ್ಪು ನಗರಾಡಳಿತವನ್ನೂ ಕಟಕಟೆಗೆ ಎಳೆಯಿತು. ಊರಿನ ನೀತಿಯಿಂದಲೋ ಬೇರೂರಿದ ರೂಢಿಯಿಂದಲೋ ಹಾನಿಯಾಗಿದ್ದರೆ ಊರೇ ತೆರಬೇಕು. ಆಮೇಲೆ ನಗರಸಭೆಗಳು ವಿಮೆಯ ಕಡೆ ಓಡಿದ್ದರಲ್ಲಿ ಆಶ್ಚರ್ಯವಿಲ್ಲ. 1980ರ ದಶಕದಲ್ಲಿ ಕಂತು ಕೈಗೆಟುಕದಂತೆ ಏರಿದಾಗ ಊರುಗಳೇ ಒಟ್ಟು ಸೇರಿ ಸಾಮೂಹಿಕ ನಿಧಿ ಕಟ್ಟಿಕೊಂಡವು.

ಈಗ ಐಚ್ಛಿಕ ರಕ್ಷಣೆಗಳಿಗೆ ಬರೋಣ. ಇವು ಕಂಪನಿಯಿಂದ ಕಂಪನಿಗೆ ಬೇರೆ. ಒಬ್ಬರ ಮೂಲ ಪಾಲಿಸಿಯಲ್ಲೇ ಇರುವುದು ಇನ್ನೊಬ್ಬರಲ್ಲಿ ಹೆಚ್ಚುವರಿ. ಒಂದು ಸಂದರ್ಭ ನೋಡಿ. ಡ್ಯೂಟಿ ಮುಗಿಸಿದ ಪೊಲೀಸನೊಬ್ಬ ಅದೇ ಸಮವಸ್ತ್ರದಲ್ಲಿ, ಅದೇ ಪಿಸ್ತೂಲಿನೊಂದಿಗೆ ಸಂಜೆ ಒಂದು ಅಂಗಡಿಯ ಬಾಗಿಲು ಕಾಯುತ್ತಾನೆ. ಸಂಬಳ ಅಂಗಡಿಯವನದು, ಬ್ಯಾಡ್ಜು ಊರಿನದು. ಅಲ್ಲೊಬ್ಬನನ್ನು ಕೆಳಗೆ ಕೆಡವಿ ಕೈ ಮುರಿದರೆ? ‘ಕರ್ತವ್ಯದಲ್ಲಿದ್ದಾಗ’ ಎಂದು ಮೂಲ ಪಾಲಿಸಿ ಹೇಳಿದ್ದರೆ ವಕೀಲರಿಗೆ ಹಬ್ಬ. ಈ ಸಂದಿಯನ್ನು ಮುಚ್ಚಲೆಂದೇ ಹೊರಗೆಲಸದ ರಕ್ಷಣೆ ಎಂಬ ಸೇರ್ಪಡೆ ಇದೆ. ಇಲಾಖೆಯ ಮುಖ್ಯಸ್ಥರ ಅನುಮತಿ ಪಡೆದ ಕೆಲಸವಾಗಿರಬೇಕು ಎಂಬುದು ಸಾಮಾನ್ಯ ಷರತ್ತು. ಹೀಗಾಗಿ ಯಾರು ಎಲ್ಲಿ ಎಷ್ಟು ಹೊತ್ತು ಕಾವಲಿಗೆ ಹೋಗುತ್ತಾರೆಂದು ಠಾಣೆ ದಾಖಲೆ ಇಡಲೇಬೇಕಾಗುತ್ತದೆ. ನನಗೆ ಹಿಡಿಸುವುದು ಇದೇ. ಸುತ್ತೋಲೆ ಹೊರಡಿಸಿದರೂ ಆಗದ ಕೆಲಸವನ್ನು ಒಂದು ಷರತ್ತು ಮಾಡಿಸುತ್ತದೆ.

ದಾವೆ ಹೂಡುವವರೆಲ್ಲ ಹಣವನ್ನೇ ಕೇಳುವುದಿಲ್ಲ. ‘ಈ ತಪಾಸಣೆ ಪದ್ಧತಿ ನಿಲ್ಲಿಸಲು ಆದೇಶಿಸಿ’ ಎಂದೂ ಕೇಳುತ್ತಾರೆ. ಪಾಲಿಸಿ ಕೊಡುವುದು ನಷ್ಟಪರಿಹಾರ. ಆದೇಶಕ್ಕೆ ಬೆಲೆ ಕಟ್ಟುವುದು ಹೇಗೆ? ಇಂಥ ದಾವೆಯ ವಕೀಲರ ಖರ್ಚಿಗಾಗಿಯೇ ಪ್ರತ್ಯೇಕ ಮಿತಿಯ ರಕ್ಷಣೆ ಮಾರಾಟಕ್ಕಿದೆ. 1976ರ ಕಾಯ್ದೆಯಂತೆ ಗೆದ್ದವರ ವಕೀಲರ ಫೀಸನ್ನೂ ಸೋತವರಿಂದ ಕೊಡಿಸಲು ಕೋರ್ಟಿಗೆ ಅವಕಾಶವಿರುವುದರಿಂದ ಇದು ಚಿಲ್ಲರೆ ಮೊತ್ತವಲ್ಲ.

ನಷ್ಟ ತುಂಬಲಲ್ಲದೆ ಶಿಕ್ಷೆಯಾಗಿ ವಿಧಿಸುವ ದಂಡನಾತ್ಮಕ ಪರಿಹಾರದ ಕಥೆ ಇನ್ನೂ ವಿಚಿತ್ರ. 1981ರ ನ್ಯೂಪೋರ್ಟ್ ತೀರ್ಪಿನ ಪ್ರಕಾರ 1871ರ ಕಾಯ್ದೆಯಡಿ ನಗರದಿಂದ ಅದನ್ನು ವಸೂಲು ಮಾಡುವಂತಿಲ್ಲ, ಅಧಿಕಾರಿಯಿಂದ ಮಾಡಬಹುದು. ಅದಕ್ಕೆ ವಿಮೆ ಇಳಿಸಬಹುದೇ ಎಂಬುದು ಆಯಾ ರಾಜ್ಯದ ಕಾನೂನಿಗೆ ಬಿಟ್ಟದ್ದು. ಕ್ಯಾಲಿಫೋರ್ನಿಯಾದಲ್ಲಿ ಕೂಡದು. ಆದರೆ ಅದೇ ರಾಜ್ಯದಲ್ಲಿ ಕೆಲವು ಷರತ್ತುಗಳಿಗೆ ಒಳಪಟ್ಟು ನಗರಸಭೆ ಮನಸ್ಸು ಮಾಡಿದರೆ ಅಧಿಕಾರಿಯ ಪರವಾಗಿ ತಾನೇ ಕಟ್ಟಬಹುದು! ಮುಂಬಾಗಿಲು ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟ ಹಾಗೆ.

ಎಲ್ಲಕ್ಕಿಂತ ಜಟಿಲವಾದದ್ದು ಕಾಲದ ಪ್ರಶ್ನೆ. ಕೆಲವು ಪಾಲಿಸಿಗಳು ಘಟನೆ ನಡೆದ ವರ್ಷವನ್ನು ನೋಡುತ್ತವೆ, ಕೆಲವು ಕ್ಲೇಮು ಬಂದ ವರ್ಷವನ್ನು. ಕಂಪನಿ ಬದಲಿಸುವಾಗ ನಡುವೆ ಬೀಳುವ ಬಿರುಕಿಗೆ ‘ಹಿಂದಿನ ಕೃತ್ಯಗಳ ರಕ್ಷಣೆ’, ‘ವಿಸ್ತರಿತ ವರದಿ ಅವಧಿ’ ಎಂಬ ತೇಪೆಗಳಿವೆ. ಸುಳ್ಳು ಕೇಸಿನಲ್ಲಿ ಜೈಲಿಗೆ ಹೋದವನು ಇಪ್ಪತ್ತು ವರ್ಷದ ಮೇಲೆ ನಿರಪರಾಧಿ ಎಂದಾಗ ಯಾವ ವರ್ಷದ ಪಾಲಿಸಿ? ಇಲಿನಾಯ್ ರಾಜ್ಯದ ಶಿಕಾಗೊ ಹೈಟ್ಸ್ ಎಂಬ ಊರಿನಲ್ಲಿ 1994ರಲ್ಲಿ ಬಂಧಿಸಲಾದ ವ್ಯಕ್ತಿ ಖುಲಾಸೆಯಾದದ್ದು 2014ರಲ್ಲಿ. ರಾಜಿ ತೀರ್ಪಿನ ಮೊತ್ತ ಒಂದೂವರೆ ಕೋಟಿ ಡಾಲರ್. ಖುಲಾಸೆಯ ಕಾಲದ ಪಾಲಿಸಿ ಇದಕ್ಕೆ ಒದಗದು, ಕೇಸು ಹಾಕಿದ ದಿನವೇ ಅನ್ಯಾಯ ಆಗಿಹೋಯಿತು ಎಂದು 2019ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತು. ತರ್ಕ ಸರಿಯಿರಬಹುದು. ಆದರೆ 1994ರ ದರದಲ್ಲಿ ಕೊಂಡ ರಕ್ಷಣೆ ಇಪ್ಪತ್ತು ವರ್ಷದ ಸೆರೆವಾಸಕ್ಕೆ ಎಲ್ಲಿ ಸಾಕಾದೀತು?

ವಿಮೆ ಇದ್ದರೆ ಪೊಲೀಸರಿಗೆ ಭಯವೇ ಇರುವುದಿಲ್ಲ ಎಂಬ ಆಕ್ಷೇಪ ಇದ್ದೇ ಇದೆ. ಕಾನೂನು ಪ್ರಾಧ್ಯಾಪಕಿ ಜೊವಾನಾ ಶ್ವಾರ್ಟ್ಸ್ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅವರು ಪರಿಶೀಲಿಸಿದ ಪೊಲೀಸ್ ಇಲಾಖೆಗಳಲ್ಲಿ ಸಂತ್ರಸ್ತರಿಗೆ ಸಂದ ಹಣದಲ್ಲಿ ಪೊಲೀಸರ ಸ್ವಂತ ಜೇಬಿನಿಂದ ಬಂದದ್ದು ಶೇ 0.02. ಅಂದರೆ ನೂರು ರೂಪಾಯಿಗೆ ಎರಡು ಪೈಸೆ. ಭಯ ಅಧಿಕಾರಿಗೆ ಮೊದಲೂ ಇರಲಿಲ್ಲ ಎಂದಾಯಿತು. ವಿಮೆ ಮುಟ್ಟುವುದು ಸಂಸ್ಥೆಯನ್ನು. ಕಾನೂನು ಪ್ರಾಧ್ಯಾಪಕ ಜಾನ್ ರಾಪಪೋರ್ಟ್ 2017ರಲ್ಲಿ ವಿವರವಾಗಿ ಬರೆದಂತೆ, ಕಂಪನಿಗಳು ಬಲಪ್ರಯೋಗದ ನಿಯಮ ತಿದ್ದಿಸುತ್ತವೆ, ತರಬೇತಿ ಕೊಡಿಸುತ್ತವೆ, ಕೆಲವೊಮ್ಮೆ ಇಂಥವರನ್ನು ಇಟ್ಟುಕೊಳ್ಳಬೇಡಿ ಎಂದೂ ಹೇಳುತ್ತವೆ. ಲಾಸ್ ಏಂಜಲೀಸ್ ಬಳಿಯ ಮೇವುಡ್ ಮೂರು ಚದರ ಕಿಲೋಮೀಟರಿನ ಊರು. 2010ರಲ್ಲಿ ಅದನ್ನು ಅದರ ವಿಮಾ ನಿಧಿ ಕೈಬಿಟ್ಟಿತು. ವಿಮೆಯಿಲ್ಲದೆ ಊರಿನ ಪೊಲೀಸ್ ಇಲಾಖೆಯೇ ಮುಚ್ಚಿಹೋಗಿ, ಕಾವಲು ಕೌಂಟಿ ಶೆರಿಫರ ಪಾಲಾಯಿತು.

ದೊಡ್ಡ ನಗರಗಳಿಗೆ ಈ ಲಗಾಮಿಲ್ಲ. ಸ್ವಂತ ವಿಮೆಯ ಹೆಸರಿನಲ್ಲಿ ಅವು ಬೊಕ್ಕಸದಿಂದಲೇ ತೆರುತ್ತವೆ. ಪೊಲೀಸರ ಕೈಯಲ್ಲಿ ಸತ್ತ ಜಾರ್ಜ್ ಫ್ಲಾಯ್ಡ್ ಕುಟುಂಬಕ್ಕೆ 2021ರಲ್ಲಿ ಮಿನಿಯಾಪೊಲಿಸ್ ಒಪ್ಪಿದ 2.7 ಕೋಟಿ ಡಾಲರ್ ಹೀಗೆ ಬಂದದ್ದು. ಪ್ರತಿ ಪೊಲೀಸನೂ ಸ್ವಂತ ವಿಮೆ ಹೊಂದಿರಲಿ ಎಂಬ ಪ್ರಸ್ತಾವವನ್ನು ಮತಕ್ಕೆ ಹಾಕಲು ಅಲ್ಲಿನವರು 2016ರಲ್ಲಿ ಹೊರಟಿದ್ದರು. ರಾಜ್ಯದ ಕಾನೂನಿಗೆ ವಿರುದ್ಧವೆಂದು ಕೋರ್ಟು ತಡೆಯಿತು.

ನಮ್ಮಲ್ಲಿ? ಮೀರತ್ ಠಾಣೆಯ ಮಾಲ್‌ಖಾನೆಯಲ್ಲಿಟ್ಟ ಚಿನ್ನದೊಂದಿಗೆ ಹೆಡ್ ಕಾನ್‌ಸ್ಟೇಬಲ್ ಪಾಕಿಸ್ತಾನಕ್ಕೆ ಪರಾರಿಯಾದಾಗ, ಸಾರ್ವಭೌಮ ಅಧಿಕಾರದ ಕೆಲಸ, ರಾಜ್ಯ ಹೊಣೆಯಲ್ಲ ಎಂದಿತ್ತು ಸುಪ್ರೀಂ ಕೋರ್ಟ್. ಅದು 1964ರ ಕಸ್ತೂರಿಲಾಲ್ ತೀರ್ಪು. ಗೋಕಾಕ ಠಾಣೆಯಲ್ಲಿ ಮುದ್ದೆಮಾಲಾಗಿ ಪೆಟ್ಟಿಗೆಯಲ್ಲಿಟ್ಟ ಒಡವೆ ಮಾಯವಾದಾಗ ಮಾತ್ರ, 1977ರಲ್ಲಿ, ಅದರ ಬೆಲೆಯನ್ನು ಒಡವೆ ಕಳೆದುಕೊಂಡ ಹೆಂಗಸಿಗೆ ಕೊಡಿ ಎಂದು ಅದೇ ಕೋರ್ಟು ನಮ್ಮ ರಾಜ್ಯಕ್ಕೆ ಆದೇಶಿಸಿತು. 1983ರ ರುದುಲ್ ಸಾಹ್, 1993ರ ನೀಲಬತಿ ಬೆಹೆರಾ ತೀರ್ಪುಗಳಿಂದ ಸಂವಿಧಾನದಡಿಯ ಪರಿಹಾರದ ದಾರಿ ತೆರೆಯಿತು. ಆದರೆ ಬೊಕ್ಕಸದಿಂದ ಹೊರಟ ಪರಿಹಾರದ ಹಣ ಮುಂದಿನ ವರ್ಷ ಠಾಣೆಯ ಕಂತಾಗಿ ಏರುವುದಿಲ್ಲ. ಮುದ್ದೆಮಾಲಿನ ಕೋಣೆಯ ಕೀಲಿ ಯಾರ ಬಳಿ ಇದೆ, ನೋಂದಣಿ ಪುಸ್ತಕವನ್ನು ಯಾವಾಗ ತಾಳೆ ನೋಡಿದಿರಿ ಎಂದು ಸ್ವಂತ ಹಣದ ಚಿಂತೆಯಿಂದ ಬಂದು ಕೇಳುವ ಹೊರಗಿನವರೂ ಇಲ್ಲ.

ವಿಮಾ ಕಂಪನಿಗಳನ್ನು ನಮ್ಮ ಠಾಣೆಗಳಿಗೆ ಕರೆತನ್ನಿ ಎಂದು ನಾನು ಹೇಳುತ್ತಿಲ್ಲ. ಲಾಭಕ್ಕಾಗಿ ನಡೆಯುವ ಕಂಪನಿ ಯಾರನ್ನು ಬಂಧಿಸಬೇಕೆಂದು ಪರೋಕ್ಷವಾಗಿ ತೀರ್ಮಾನಿಸುವುದು ನನಗೂ ಒಗ್ಗದು. ಆದರೆ ಕೋರ್ಟಿನ ಆದೇಶದಿಂದ ಕೊಟ್ಟ ಪರಿಹಾರವನ್ನು ಠಾಣಾವಾರು ಲೆಕ್ಕವಿಟ್ಟು ಪ್ರತಿವರ್ಷ ವಿಧಾನಮಂಡಲದ ಮುಂದಿಡಲು ಕಂಪನಿ ಬೇಕಿಲ್ಲ. ಇಲ್ಲಿರುವ ಕಾನೂನು ವಿದ್ಯಾರ್ಥಿಗಳು ಮಾಹಿತಿ ಹಕ್ಕಿನ ಒಂದೊಂದು ಅರ್ಜಿ ಬರೆದು, ತಮ್ಮ ತಮ್ಮ ಜಿಲ್ಲೆಯಿಂದ ಆ ಲೆಕ್ಕ ತರಿಸುವ ಕೆಲಸ ಶುರುಮಾಡಬಹುದು.